ರುದ್ರೇಶನ ಕೈಗುಣ

ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಸ್ಟುಡಿಯೊ ಇಟ್ಟಿರುವ ರುದ್ರೇಶನಿಗೆ ಒಂದು ಕಾಯಿಲೆಯಿದೆ. ಜನ ಅದನ್ನು ಕೈಗುಣ ಎನ್ನುತ್ತಾರೆ. ಅವನ ಕೈಲಿ ಫೋಟೊ ತೆಗೆಸಿಕೊಂಡ ಹುಡುಗಿಗೆ ಸಂಬಂಧ ಕೂಡಿಬರುತ್ತದೆ ಎಂಬ ನಂಬಿಕೆ ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಹಬ್ಬಿದೆ. ಯಾರು ಹಬ್ಬಿಸಿದರೋ, ಅವರ ಬಾಯಿಗೆ ಬೀಗ ಬೀಳಲಿ ಎಂದು ಅವನು ಶಪಿಸುವುದನ್ನು ನಾನೇ ಕೇಳಿದ್ದೇನೆ. ನನ್ನ ಮದುವೆಯ ಫೋಟೊವೂ ಅವನದೇ. ಆ ವಿಷಯ ಇಲ್ಲಿ ಬೇಡ.

ಪಾಪ, ಅವನ ಜೀವ ಇರುವುದು ಬೆಟ್ಟದಲ್ಲಿ. ಟೆಂಟು, ಅವಲಕ್ಕಿ, ಉದ್ದನೆಯ ಲೆನ್ಸು ತುಂಬಿದ ಚೀಲವನ್ನು ಬೆನ್ನಿಗೇರಿಸಿ ಬಿಸಿಲೆ ಘಾಟಿಯ ಕಾಡು ಹೊಕ್ಕನೆಂದರೆ ಅವನು ಬೇರೆಯೇ ಮನುಷ್ಯ. ಅಲ್ಲೊಂದು ಮುದಿ ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡುತ್ತದೆ. ಹೆಣ್ಣು ಒಳಗೆ ಕೂತು ಬಾಗಿಲಿಗೆ ಗೋಡೆ ಮೆತ್ತಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸಂದಿ ಮಾತ್ರ ಉಳಿಯುತ್ತದೆ. ಗಂಡು ಅತ್ತಿಹಣ್ಣು ತಂದು ಉಣಿಸುತ್ತದೆ. ಬೇಸಿಗೆಯ ಕೊನೆಗೆ ಒಂದು ದಿನ ಅವಳು ಆ ಗೋಡೆ ಒಡೆದು ಹೊರಗೆ ಬರುತ್ತಾಳೆ. ಆ ಗಳಿಗೆಯ ಒಂದು ಫೋಟೊ ಬೇಕು. ರುದ್ರೇಶನಿಗೆ ಈ ಜನ್ಮದಲ್ಲಿ ಬೇಕಾದದ್ದು ಇಷ್ಟೇ.

ಆದರೆ ಹಕ್ಕಿ ಹೊರಬರುವುದೂ ವೈಶಾಖದಲ್ಲಿ, ನಮ್ಮವರ ಮುಹೂರ್ತಗಳು ತುಂಬಿ ತುಳುಕುವುದೂ ವೈಶಾಖದಲ್ಲಿ. ಅವನಿಗೆ ಬಿಡುವು ಸಿಗುವುದು ಮದುವೆಗಳಿಲ್ಲದ ಆಷಾಢಕ್ಕೆ. ಆಗ ಬೆಟ್ಟದಲ್ಲಿ ಏನಿರುತ್ತದೆ? ಕೈ ಚಾಚಿದರೆ ಕೈ ಕಾಣದ ಮಂಜು, ಜಿಗಣೆ, ಖಾಲಿ ಪೊಟರೆ. ವರ್ಷವರ್ಷವೂ ಖಾಲಿ ಪೊಟರೆಯ ಫೋಟೊ ತಂದು ಸ್ಟುಡಿಯೊದ ಗೋಡೆಗೆ ತೂಗುಹಾಕುತ್ತಾನೆ. ಒಮ್ಮೆ ತಮ್ಮ ಶಶಿಕಿರಣನನ್ನು ಮದುವೆಗೆ ಕಳಿಸಿ ನೋಡಿದ. ಹೆಣ್ಣಿನ ಕಡೆಯವರು ಅವನಿಗೆ ಕಾಫಿ ಕೊಟ್ಟು, ಅಣ್ಣನನ್ನು ಕರೆದುಕೊಂಡು ಬಾ ಎಂದು ವಾಪಸ್ಸು ಅಟ್ಟಿದರು.

ಈ ವರ್ಷ ತಲೆ ಕೆಟ್ಟಿತು. ಬಂದ ಮುಹೂರ್ತಗಳನ್ನೆಲ್ಲ ಬೇಡವೆಂದು, ಸ್ಟುಡಿಯೊಗೆ ಬೀಗ ಜಡಿದು, ಅರಣ್ಯ ಇಲಾಖೆಯ ಅನುಮತಿ ಪಡೆದು ಬೆಟ್ಟ ಹತ್ತಿದ. ಮರದಿಂದ ದೂರದಲ್ಲಿ ಸೊಪ್ಪಿನ ಮರೆ ಕಟ್ಟಿಕೊಂಡು ಕೂತ. ಸಿಗ್ನಲ್ ಇಲ್ಲದ ಜಾಗ. ತನ್ನನ್ನು ಯಾರೂ ಕರೆಯಲಾರರು ಎನ್ನುವುದೇ ದೊಡ್ಡ ಸುಖವಾಗಿತ್ತಂತೆ. ಕೊನೆಗೊಂದು ಬೆಳಿಗ್ಗೆ ಕೊಕ್ಕು ಒಳಗಿನಿಂದ ಗೋಡೆ ಕುಟ್ಟತೊಡಗಿತು. ಚೂರುಗಳು ಉದುರಿದವು.

ಅಷ್ಟರಲ್ಲಿ ಕೆಳಗಿನಿಂದ ಮಾತು ಕೇಳಿಸಿತು. ಅರಕಲಗೂಡಿನ ಹೊಗೆಸೊಪ್ಪಿನ ವ್ಯಾಪಾರಿ ಚಂದ್ರಶೇಖರಯ್ಯನವರು ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದರು. ಹಿಂದೆ ರೇಷ್ಮೆ ಸೀರೆಯನ್ನು ಎತ್ತಿ ಹಿಡಿದುಕೊಂಡ ಮಗಳು ಯಶಸ್ವಿನಿ. ರುದ್ರೇಶ ಎಲ್ಲಿದ್ದಾನೆಂದು ಬಾಯಿಬಿಟ್ಟವಳು ಅವನ ಹೆಂಡತಿ ನೀಲಾಂಬಿಕೆ. ದಾರಿ ತೋರಿಸಿದವನು ಫಾರೆಸ್ಟ್ ವಾಚರ್ ಲಕ್ಕಣ್ಣ. ಅವನಿಗೂ ತಂಗಿಯದೊಂದು ಫೋಟೊ ಆಗಬೇಕಿತ್ತು. ಯಶಸ್ವಿನಿಯನ್ನು ಕೇಳಿದ್ದ ಹುಡುಗನ ಕಡೆಯವರು ಚನ್ನರಾಯಪಟ್ಟಣದವರು. ಸೋಮವಾರ ಮನೆದೇವರ ಮುಂದೆ ಹುಡುಗಿಯ ಫೋಟೊ ಇಟ್ಟು ತೀರ್ಮಾನ ಮಾಡುವುದು ಅವರ ಪದ್ಧತಿ. ಇದುವರೆಗಿನ ಸಂಬಂಧಗಳೆಲ್ಲ ಕಂಡಕಂಡವರು ತೆಗೆದ ಫೋಟೊದಿಂದಲೇ ಮುರಿದವು ಎಂದು ಅಯ್ಯನವರ ನಂಬಿಕೆ.

“ನಿನ್ ಕೈಲಿ ಒಂದೇ ಒಂದು ತಗುದ್ಬುಡಪ್ಪ ರುದ್ರೇಶ. ನಾವು ಅಂಗೇ ಇಳ್ದು ಒಂಟೋಯ್ತೀವಿ,” ಎಂದರು.

ಸ್ವಲ್ಪ ಹೊತ್ತು ತಡೆಯಿರಿ ಎಂದು ರುದ್ರೇಶ ಕೈಮುಗಿದ. ರಾಹುಕಾಲ ಬಂದುಬಿಡುತ್ತದೆ ಎಂದರು ಅವರು. ಅಯ್ಯನವರ ಗಂಟಲು ದೊಡ್ಡದು. ಇನ್ನೆರಡು ಮಾತಾಡಿದರೆ ಹಕ್ಕಿ ಬೆದರುತ್ತದೆ. ಬೇಗ ಮುಗಿಸಿ ಸಾಗಹಾಕುವುದೇ ವಾಸಿ ಎಂದುಕೊಂಡು ಉದ್ದನೆಯ ಲೆನ್ಸು ಬಿಚ್ಚಿ ಚಿಕ್ಕದನ್ನು ಹಾಕಿದ. ಬಿಸಿಲು ಗೂಡಿನ ಕಡೆಯಿಂದ ಬೀಳುತ್ತಿದ್ದುದರಿಂದ ಹುಡುಗಿಯನ್ನು ಗೂಡಿನ ಮರಕ್ಕೆ ಎದುರಾಗಿ ನಿಲ್ಲಿಸಿ, ತಾನು ಅದಕ್ಕೆ ಬೆನ್ನು ಹಾಕಿದ.

ಹೇಗೆ ನಿಲ್ಲಬೇಕೆಂದು ಹೇಳಲು ಹತ್ತಿರ ಹೋದಾಗ ಅವಳು ಅಪ್ಪನಿಗೆ ಕೇಳದಂತೆ ಹೇಳಿದಳು:

“ಅಣ್ಣ, ಚೆನ್ನಾಗಿ ಬರ್ದಂಗೆ ತಗೀರಿ. ನಾನಿನ್ನೂ ಓದ್ಬೇಕು.”

ಹಾಸನದಲ್ಲಿ ಅವಳದು ಎಂ.ಎಸ್ಸಿ. ಮೊದಲ ವರ್ಷ. ರುದ್ರೇಶನ ತಲೆಯಲ್ಲಿ ದೀಪ ಹೊತ್ತಿತು. ಈ ಒಂದು ಫೋಟೊ ಕೆಟ್ಟರೆ ಸಂಬಂಧ ಮುರಿಯುತ್ತದೆ, ಹುಡುಗಿ ಪಾರಾಗುತ್ತಾಳೆ. ಕೈಗುಣದ ಹೆಸರು ಹಾಳಾಗಿ ಮುಂದಿನ ವೈಶಾಖಗಳೆಲ್ಲ ತನ್ನವಾಗುತ್ತವೆ. ಅವಳನ್ನು ದಟ್ಟ ನೆರಳಿಗೆ ಸರಿಸಿ, ಹಿಂದೆ ಬೆಳ್ಳಗೆ ಆಕಾಶ ಬರುವಂತೆ ನಿಲ್ಲಿಸಿ ತೆಗೆದ. ಮುಖ ಮಸಿ ಬಳಿದಂತೆ ಬಂತು. ಮತ್ತೊಂದು ತೆಗೆದ, ಅದೂ ಹಾಗೇ. ಇಷ್ಟು ಆನಂದದಿಂದ ಅವನು ಎಂದೂ ಕೆಲಸ ಮಾಡಿರಲಿಲ್ಲ.

ಆಗ ಅವನ ಬೆನ್ನ ಹಿಂದೆ ರೆಕ್ಕೆಯ ಭಾರಿ ಸದ್ದಾಯಿತು. ಯಶಸ್ವಿನಿ ಮೈಮರೆತು ಒಂದು ಹೆಜ್ಜೆ ಮುಂದೆ ಬಂದು ತಲೆ ಎತ್ತಿದಳು. ಎಲೆಗಳ ಸಂದಿಯಿಂದ ಇಳಿದ ಬಿಸಿಲು ಅವಳ ಮುಖದ ಮೇಲೆ ಬಿತ್ತು. ಗೂಡು ಒಡೆದು ಹಾರಿದ ಹಕ್ಕಿಯನ್ನು ನೋಡಿ ಅವಳು ನಕ್ಕಳು. ಅಂಥ ನಗುವನ್ನು ರುದ್ರೇಶ ಯಾವ ಮದುಮಗಳ ಮುಖದಲ್ಲೂ ಕಂಡಿರಲಿಲ್ಲ. ಮುಖ ಅರಳಿದ ಕೂಡಲೇ ಗುಂಡಿ ಒತ್ತುವುದು ಅವನ ಬೆರಳಿಗೆ ಅಭ್ಯಾಸ. ಬೆರಳು ಅವನನ್ನು ಕೇಳಲಿಲ್ಲ.

ತಿರುಗಿ ನೋಡಿದರೆ ಪೊಟರೆ ಬಾಯ್ದೆರೆದುಕೊಂಡಿತ್ತು, ಹಕ್ಕಿ ಇರಲಿಲ್ಲ. ತೆಗೆದದ್ದನ್ನು ಅಳಿಸಲು ಕೈ ಹೋಗುವಷ್ಟರಲ್ಲಿ ಅಯ್ಯನವರು ಭುಜದ ಮೇಲಿಂದ ಬಗ್ಗಿ ನೋಡಿಬಿಟ್ಟಿದ್ದರು.

“ಇದೇ ಕಣಪ್ಪ ನಂಗೆ ಬೇಕಾಗಿದ್ದದ್ದು,” ಎಂದು ಕಣ್ಣು ಒರೆಸಿಕೊಂಡರು. ಮೆಮೊರಿ ಕಾರ್ಡನ್ನೇ ಬಿಚ್ಚಿಸಿಕೊಂಡು, ಎಲೆಅಡಿಕೆ ಚೀಲದಲ್ಲಿಟ್ಟು ಬೆಟ್ಟ ಇಳಿದರು. ಆ ಅಪ್ಪನ ಸಂತೋಷ ನೋಡುತ್ತ ರುದ್ರೇಶ ಖಾಲಿ ಕ್ಯಾಮೆರಾವನ್ನು ಚೀಲಕ್ಕೆ ತುರುಕಿದ. ಮಗಳು ಸೀರೆ ಎತ್ತಿ ಹಿಡಿದುಕೊಂಡು ಅಪ್ಪನ ಹಿಂದೆ ಇಳಿದಳು.

ಸಂಬಂಧ ಕೂಡಿತು. ಶ್ರಾವಣದಲ್ಲಿ ಚನ್ನರಾಯಪಟ್ಟಣದ ಛತ್ರದಲ್ಲಿ ಮದುವೆ. ನಾನೂ ಹೋಗಿದ್ದೆ. ಬಾಗಿಲಲ್ಲಿ ಅದೇ ಫೋಟೊವನ್ನು ಆಳೆತ್ತರ ಮಾಡಿಸಿ ನಿಲ್ಲಿಸಿದ್ದರು. ಹುಡುಗಿಗೆ ಈ ಮನೆ ಎಷ್ಟು ಒಪ್ಪಿಗೆಯಾಗಿದೆ ನೋಡಿ ಎಂದು ಬಂದವರೆಲ್ಲ ಮೆಚ್ಚಿಕೊಂಡರು. ರುದ್ರೇಶನ ಮುಂದಿನ ವೈಶಾಖ ಊಟದ ಪಂಕ್ತಿಯಲ್ಲೇ ಭರ್ತಿಯಾಯಿತು.

ಮಾಂಗಲ್ಯದ ಹೊತ್ತಿಗೆ ಅವನು ಎದುರಿಗೆ ನಿಂತು, “ಒಂದ್ಸಲ ತಲೆ ಎತ್ತಮ್ಮ,” ಎಂದ. ಯಶಸ್ವಿನಿ ತಲೆ ಎತ್ತಿದಳು. ಕ್ಯಾಮೆರಾವನ್ನು ನೋಡಲಿಲ್ಲ, ಅವನನ್ನು ನೋಡಿದಳು. ರುದ್ರೇಶ ಕ್ಯಾಮೆರಾವನ್ನು ಮುಖಕ್ಕೆ ಅಡ್ಡ ಹಿಡಿದವನು ಮುಹೂರ್ತ ಮುಗಿಯುವವರೆಗೂ ಇಳಿಸಲಿಲ್ಲ.