ಮಾಸ್ಟರ ಮಾತ್ರೆ, ದೇಯಕ್ಕನ ಎಣ್ಣೆ

ಕೊಡಿಯಾಲ್‌ಬೈಲಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೆನೆಡಿಕ್ಟ್ ಮಾಸ್ಟರ ಮನೆಯ ಹಿಂದಿನ ಜಗಲಿಯಲ್ಲಿ ದೇಯಕ್ಕ ಆಗಲೇ ತೆಂಗಿನೆಣ್ಣೆ ಬೆಚ್ಚಗೆ ಮಾಡಿ, ಅದಕ್ಕೆ ನಿಂಬೆ ಪರಿಮಳದ ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಬಿಡುತ್ತಿದ್ದಾರೆ. ಅಂಗೈಗೆ ಸವರಿ ಮೊದಲು ಮಾಸ್ಟರ ಮೂಗಿನ ಹತ್ತಿರ ಹಿಡಿಯುತ್ತಾರೆ. ಅವರು ತಲೆಯಾಡಿಸಿದ ಮೇಲೆಯೇ ಬೆನ್ನಿಗೆ ಕೈ. ಇದು ಮನೆಮನೆಗೆ ಹೋಗಿ ಎಣ್ಣೆ ಉಜ್ಜುತ್ತಿದ್ದ ದೇಯಕ್ಕನ ತಾಯಿ ಹಾಕಿಕೊಟ್ಟ ಕ್ರಮ.

ಕಾವೂರಿನಿಂದ ಗದ್ದೆಯ ಬದುವಿನ ಮೇಲೆ ತಾಯಿಯ ಸೆರಗು ಹಿಡಿದು ಬರುತ್ತಿದ್ದ ದಿನಗಳನ್ನು ನೆನೆದರೆ ದೇಯಕ್ಕನ ಮುಖ ಅರಳುತ್ತದೆ. "ಓಣಿಗೆ ಕಾಲಿಟ್ಟರೆ ಸಾಕು, ಪರಿಮಳಕ್ಕೇ ಮಕ್ಕಳು ಓಡಿ ಅಡಗ್ತಿದ್ದವು. ಹಿಡಿದು ತಂದು ಎಣ್ಣೆ ಉಜ್ಜುವುದೇ ಒಂದು ಹಬ್ಬ." ಆ ಮಕ್ಕಳೀಗ ಮೀಸೆ ತಿರುವುವ ಗಂಡಸರು, ಮೈಕೈ ನೋವಿಗೆ ಅಂಗಡಿಯ ಮುಲಾಮು ಹಚ್ಚುತ್ತಾರೆ. ಗಂಡನನ್ನು ಕಳೆದುಕೊಂಡ ದೇಯಕ್ಕನಿಗೆ ಉಳಿದಿರುವುದು ಬೆರಳೆಣಿಕೆಯ ಮನೆಗಳು.

ಅದರಲ್ಲಿ ಈ ಮನೆಯೂ ಹೋದ ವರ್ಷ ಕೈತಪ್ಪುವುದರಲ್ಲಿತ್ತು. ಮಾಸ್ಟರ ರಕ್ತದಲ್ಲಿ ಕೊಬ್ಬು ಹೆಚ್ಚಾಗಿದೆ, ಎದೆಗೆ ಅಪಾಯ ಎಂದು ಡಾಕ್ಟರರು ಹೊಸ ಮಾತ್ರೆ ಕೊಟ್ಟಿದ್ದರು. ಗಂಜಿ ಕುಡಿದು ಮಾತ್ರೆ ನುಂಗಿ ಮಾಸ್ಟರು ಎಣ್ಣೆಗೆ ಕೂತರು. ಸ್ವಲ್ಪ ಹೊತ್ತಿಗೆ ಮುಖ, ಕುತ್ತಿಗೆ, ಎದೆಯೆಲ್ಲ ಬೇಯಿಸಿದ ಸಿಗಡಿಯ ಹಾಗೆ ಕೆಂಪು, ಉರಿಯೋ ಉರಿ. ಅವರ ಹೆಂಡತಿ ವೆರೋನಿಕಾ ಬಾಯಮ್ಮ, "ಇನ್ನು ನಿನ್ನ ಎಣ್ಣೆ ಬೇಡ, ಹೋಗು" ಎಂದುಬಿಟ್ಟರು.

"ತೊಟ್ಟು ಜಾಸ್ತಿ ಬಿತ್ತಾ ಎಂತದಾ, ನನಗೇ ಸಂಶಯ. ದಾರಿಯುದ್ದಕ್ಕೂ ಅತ್ತೆ," ಎನ್ನುತ್ತಾರೆ ದೇಯಕ್ಕ.

ಕೆಲವು ದಿನಗಳಲ್ಲೇ ಮಾಸ್ಟರು ಹೆಂಡತಿಯನ್ನು ಒಪ್ಪಿಸಿ ಮತ್ತೆ ಕರೆಸಿದರು. ಈ ಸಲ ಉರಿಯೂ ಇಲ್ಲ, ಕೆಂಪೂ ಇಲ್ಲ. ದೇಯಕ್ಕ ಹಿಗ್ಗುವಷ್ಟರಲ್ಲಿ ಮಾಸ್ಟರು ಪಿಸುಗುಟ್ಟಿದರು: "ಎಣ್ಣೆಗಾಗಿ ಮಾತ್ರೆ ಬಿಟ್ಟಿದ್ದೇನೆ ಮಾರಾಯ್ತಿ. ಈ ಪರಿಮಳ ಬಂದರೆ ನನ್ನ ಅಮ್ಮ ಹಿತ್ತಲಲ್ಲೇ ಇದ್ದ ಹಾಗೆ ಆಗ್ತದೆ. ವೆರೋನಿಕಾಳಿಗೆ ಹೇಳಬೇಡ."

ಹೇಳಿದರೆ ಮನೆ ಹೋಗುತ್ತದೆ, ಹೇಳದಿದ್ದರೆ ಮಾಸ್ಟರ ಜೀವವೇ ಹೋಗಬಹುದು. ದೇಯಕ್ಕ ಕೈ ತೊಳೆದು ನೇರ ಅಡುಗೆಮನೆಗೆ ನಡೆದು ಬಾಯಮ್ಮನಿಗೆ ಎಲ್ಲ ಹೇಳಿದರು. ಬಾಯಮ್ಮ ಅಂದೇ ಗಂಡನನ್ನೂ ದೇಯಕ್ಕನನ್ನೂ ಎಣ್ಣೆಯ ಬಾಟ್ಲಿ ಸಮೇತ ಡಾಕ್ಟರರಲ್ಲಿಗೆ ಕರೆದೊಯ್ದರು.

ಡಾಕ್ಟರರು ನಕ್ಕರಂತೆ. ಮೈ ಕೆಂಪಾಗಿಸುವುದು ಆ ಮಾತ್ರೆಯದೇ ಗುಣ, ಎಣ್ಣೆಯ ತಪ್ಪಲ್ಲ. ಆದರೆ ತಮ್ಮನ್ನು ಕೇಳದೆ ಮಾತ್ರೆ ಬಿಡಬಾರದು ಎಂದು ಗದರಿದರು. ಮಾತ್ರೆ ರಾತ್ರಿ ಊಟದ ಮೇಲೆ, ಎಣ್ಣೆ ಬೆಳಿಗ್ಗೆ. ಮೈ ಬಿಸಿಯಾಗಿದ್ದರೆ ಉಜ್ಜುವುದು ಬೇಡ; ಪರಿಮಳದ ಎಣ್ಣೆಯನ್ನು ತೆಂಗಿನೆಣ್ಣೆಗೆ ಬೆರೆಸದೆ ಹಾಗೇ ಹಚ್ಚುವುದಾಗಲಿ, ಕುಡಿಯುವುದಾಗಲಿ ಬೇಡವೇ ಬೇಡ.

ಅಂದಿನಿಂದ ದೇಯಕ್ಕ ಯಾವ ಮನೆಗೆ ಹೋದರೂ ಎಂತ ಮದ್ದು ತಿನ್ನುತ್ತೀರಿ ಎಂದು ಮೊದಲೇ ಕೇಳುತ್ತಾರೆ. ಕೆಲವರು ಮುಖ ಸಿಂಡರಿಸುತ್ತಾರೆ. ಮಾಸ್ಟರಂತೂ ತಿಂಗಳುಗಟ್ಟಲೆ ಮುನಿಸಿಕೊಂಡಿದ್ದರು.

"ಚಾಡಿಕೋರಿ ಅಂತ ಈಗಲೂ ತಮಾಷೆ ಮಾಡ್ತಾರೆ," ಎನ್ನುತ್ತಾ ದೇಯಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. "ಮಾಡಲಿ. ತಮಾಷೆ ಮಾಡ್ಲಿಕ್ಕೆ ಅವರು ಇದ್ದಾರಲ್ಲ, ನನಗೆ ಅಷ್ಟು ಸಾಕು."