ಭುಜ ಮುಟ್ಟಿ ಕರೆಯುವ ಬೀದಿಯವಳು

ಟಿಣ್ ಎಂದು ಗಂಟೆ ಬಡಿಯಿತು. ಅದರ ಹಿಂದೆಯೇ ಯಾವುದೋ ಹುಡುಗಿಯ ಇಂಪಾದ ದನಿ, ತಮಿಳಿನಲ್ಲಿ, ಒಂದು ಸಂಖ್ಯೆ, ಒಂದು ಕೋಣೆ. ಸೇಲಂನ ಆ ಖಾಸಗಿ ಆಸ್ಪತ್ರೆಯ ಹೊರರೋಗಿಗಳ ಹಾಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೇಳುವುದು ಇದೇ. ಮೂರು ಸಲ ಕರೆದರೂ ಬಾರದವರ ಸಂಖ್ಯೆಯನ್ನು ಯಂತ್ರ ಅಳಿಸಿಹಾಕಿ ಮುಂದಿನವರನ್ನು ಕರೆಯುತ್ತದೆ. ಈ ಏರ್ಪಾಟನ್ನು ತಂದವಳು ಹಾಲಿನ ಮೇಲ್ವಿಚಾರಕಿ ಕಲೈವಾಣಿ. ಈಗೀಗ ಆ ಗಂಟೆ ಕೇಳಿದಾಗಲೆಲ್ಲ ಅವಳು ಕತ್ತೆತ್ತಿ ಯಾರು ಏಳಲಿಲ್ಲ ಎಂದು ಸಾಲುಗಳಲ್ಲಿ ಹುಡುಕುತ್ತಾಳೆ.

ಕೆಟ್ಟ ಏರ್ಪಾಟೇನಲ್ಲ. ಮೊದಲು ಕೌಂಟರಿನ ಮುಂದೆ ಬರೀ ನೂಕುನುಗ್ಗಲು. ಪರಿಚಯದವರೆಲ್ಲ ಪಕ್ಕದ ಬಾಗಿಲಿನಿಂದ ಒಳಗೆ. ಏರ್ಕಾಡಿನ ತೋಟಗಳಿಂದ ಮೊದಲ ಬಸ್ಸಿಗೆ ಇಳಿದು ಬಂದ ಕೂಲಿ ಹೆಂಗಸರು ಸಂಜೆಯವರೆಗೂ ಗೋಡೆಗೆ ಒರಗಿ ಕೂತು, ಕೊನೆಯ ಬಸ್ಸು ತಪ್ಪಿ, ಬಸ್‌ಸ್ಟ್ಯಾಂಡಿನಲ್ಲೇ ಮಲಗುತ್ತಿದ್ದರು. ಅದನ್ನು ನೋಡಲಾರದೆ ಕಲೈವಾಣಿ ಮೇಲಿನವರಿಗೆ ಗಂಟುಬಿದ್ದು ಟೋಕನ್ ಯಂತ್ರ ತರಿಸಿದಳು. ಈಗ ಅವರು ಮಧ್ಯಾಹ್ನದ ಬಸ್ಸಿಗೇ ಬೆಟ್ಟ ಹತ್ತುತ್ತಾರೆ.

ಅವಳು ಹುಟ್ಟಿದ್ದು ಅಮ್ಮಾಪೇಟೆಯ ಮಗ್ಗದವರ ಬೀದಿಯಲ್ಲಿ. ಕೈಮಗ್ಗಗಳು ಹೋಗಿ ಪವರ್‌ಲೂಮ್ ಬಂದಾಗ ಅವಳಿಗಿನ್ನೂ ಹಾಲುಹಲ್ಲು ಬೀಳುವ ವಯಸ್ಸು. ಆ ಸದ್ದಿನೊಳಗೆ ಯಾರೂ ಯಾರನ್ನೂ ಕೂಗಿ ಕರೆಯುತ್ತಿರಲಿಲ್ಲ. ಹತ್ತಿರ ಹೋಗಿ ಭುಜ ಮುಟ್ಟುತ್ತಿದ್ದರು. ಊಟಕ್ಕೂ ಹಾಗೆಯೇ, ಸಾವಿನ ಸುದ್ದಿಗೂ ಹಾಗೆಯೇ. ಐವತ್ತು ದಾಟುವಷ್ಟರಲ್ಲಿ ಬೀದಿಯ ಅರ್ಧ ಜನರ ಕಿವಿ ಹೋಗಿರುತ್ತಿತ್ತು. ಅದನ್ನು ಅಲ್ಲಿ ಯಾರೂ ಕಾಯಿಲೆ ಎನ್ನುತ್ತಿರಲಿಲ್ಲ. ಅಪ್ಪನನ್ನು ಕೊನೆಯವರೆಗೂ ಭುಜ ಮುಟ್ಟಿಯೇ ಕರೆದವಳು ಕಲೈವಾಣಿ. ಹಾಲಿಗೆ ಗಂಟೆ ಹಾಕಿಸುವಾಗ ಅದು ಅವಳ ನೆನಪಿಗೆ ಬರಲಿಲ್ಲ.

ಹೋದ ತಿಂಗಳು, ಲೂಮಿನ ಸದ್ದಿಗೆ ಕಿವಿ ಹೋಗಿದ್ದ ಎದುರುಮನೆಯ ಎಲ್ಲಪ್ಪ ಎದೆ ಹಿಡಿದುಕೊಂಡಿದೆ ಎಂದು ಬಂದಿದ್ದ. ಕೌಂಟರಿನಲ್ಲಿ ಸಂಕೋಚಪಟ್ಟು ಗ್ಯಾಸು ಎಂದ. ಟೋಕನ್ ಹಿಡಿದು ಕಂಬದ ಮರೆಯಲ್ಲಿ ಕೂತ. ಅಲ್ಲಿಂದ ಸಂಖ್ಯೆಯ ಬೋರ್ಡು ಕಾಣುವುದಿಲ್ಲ. ಮೂರು ಸಲ ಗಂಟೆ ಬಡಿಯಿತು. ಕಲೈವಾಣಿ ಮೇಲಿನ ಮಹಡಿಯಲ್ಲಿ ಮೀಟಿಂಗಿನಲ್ಲಿದ್ದಳು. ಜನರೆಲ್ಲ ಹೋಗಿ ಹಾಲ್ ಖಾಲಿಯಾದ ಮೇಲೆ ವಾಚ್‌ಮನ್ ನಾಳೆ ಬನ್ನಿ ಎಂದು ಕೈಸನ್ನೆ ಮಾಡಿದ. ಎಲ್ಲಪ್ಪ ತಲೆಯಾಡಿಸಿ ಮನೆಗೆ ಹೋದ. ಮರುದಿನ ಬೆಳಗ್ಗೆ ಹೆಂಡತಿ ಕಾಳಿಯಮ್ಮ ಕಾಫಿ ತಂದು ಅವನ ಭುಜ ಮುಟ್ಟಿದಳು. ಭುಜ ತಣ್ಣಗಿತ್ತು.

ಇವತ್ತು ಆ ಕಾಳಿಯಮ್ಮನೇ ತಲೆಸುತ್ತು ಎಂದು ಬಂದಿದ್ದಳು. ಗಂಡನ ಲೂಮಿನ ಪಕ್ಕವೇ ನೂಲು ಸುತ್ತಿದವಳು, ಅವಳ ಕಿವಿಯೂ ಅಷ್ಟಕ್ಕಷ್ಟೇ. ಕಲೈವಾಣಿ ಅವಳ ಕಿವಿಯ ಹತ್ತಿರ ಬಾಗಿದಳು.

“ಬಾ ದೊಡ್ಡಮ್ಮಾ, ನಾನೇ ಡಾಕ್ಟ್ರತ್ರ ಕರ್ಕೊಂಡು ಓಯ್ತೀನಿ.”

“ಯಾಕ್ಲೇ, ನಾನೇನು ಕಲೆಕ್ಟರ್ ಎಂಡ್ತಿನಾ? ಅವ್ನು ಕೂತಿದ್ದ ಜಾಗ ತೋರ್ಸು. ಅಲ್ಲೇ ಕೂತ್ಕತೀನಿ.”

“ಅಂಗನ್ಬೇಡ ದೊಡ್ಡಮ್ಮಾ.”

“ನಮ್ಮ ವಾಣಿ ಇರೋ ಆಸ್ಪತ್ರಿ, ನಮ್ಗೇನು ಭಯ ಅಂತ ಒಸಾ ಸಟ್ಟೆ ಆಕ್ಕೊಂಡು ಬಂದಿದ್ದ ಕಣೇ ಅವ್ನು. ಓಗು, ನಿನ್ನ ಕೆಲ್ಸ ನೋಡು.”

ಕಂಬದ ಪಕ್ಕ ಹೋಗಿ ಕೂತೇಬಿಟ್ಟಳು. ಅಷ್ಟರಲ್ಲಿ ಮ್ಯಾನೇಜರ್ ಹೃಷೀಕೇಶ ಕಲೈವಾಣಿಯನ್ನು ತನ್ನ ಕೋಣೆಗೆ ಕರೆಸಿದ. ಆಯಾ ರೋಜಾಳನ್ನು ಹಾಲಿನಲ್ಲಿ ನಿಲ್ಲಿಸಿ, ಗಂಟೆ ಬಡಿದರೂ ಏಳದವರ ಬಳಿ ಹೋಗಿ ಅವಳು ಕರೆಯಲಿ ಎಂದು ಕಲೈವಾಣಿ ಅವನನ್ನು ಕೇಳಿಕೊಂಡಿದ್ದಳು. ಅವನ ಕೋಣೆಯ ಗಾಜಿನಿಂದ ಇಡೀ ಹಾಲು ಕಾಣುತ್ತದೆ.

“ರೋಜಾನ ಇಲ್ಲಿ ನಿಲ್ಲಿಸಿದ್ರೆ ವಾರ್ಡಿಗೆ ಯಾರಮ್ಮ? ಬೇಕಿದ್ರೆ ದೊಡ್ಡ ಸ್ಪೀಕರ್ ಹಾಕ್ಸೋಣ. ಪಾಲಕೋಡ್ ಮಾರ್ಕೆಟ್ಟಲ್ಲಿ ಟೊಮ್ಯಾಟೊ ಕೂಗೋ ಹಾಗೆ.” ತನ್ನ ಮಾತಿಗೆ ತಾನೇ ನಕ್ಕ.

“ಸದ್ದಿನಿಂದಲೇ ಸಾರ್ ಅವ್ರ ಕಿವಿ ಓಗಿರೋದು.”

“ನಿಜ, ಪಾಪ. ಆದ್ರೆ ಒಬ್ಬೊಬ್ಬರಿಗೂ ಕಾಯ್ತಾ ನಿಂತ್ರೆ ಕೊನೇಲಿ ಕೂತಿರೋರ ಗತಿ? ಅವರ ಬಸ್ಸು? ಇದೆಲ್ಲಾ ಹೇಳಿಕೊಟ್ಟಿದ್ದು ನೀವೇ ಅಲ್ವಾ?”

ಹೌದು, ಅವಳೇ. ಗಾಜಿನಾಚೆ ಟಿಣ್ ಎಂದಿತು. ಬೋರ್ಡಿನಲ್ಲಿ ಕಾಳಿಯಮ್ಮನ ಸಂಖ್ಯೆ. ಕಂಬದ ಪಕ್ಕ ಅವಳ ಸೀರೆಯ ಅಂಚು ಅಲುಗಲಿಲ್ಲ.

“ಧರ್ಮಪುರಿ ಬ್ರಾಂಚಿಗೂ ಇದೇ ಸಿಸ್ಟಮ್ ಬೇಕಂತೆ. ನಿಮ್ಮ ಹೆಸರೇ ಹೇಳಿದೀನಿ.”

ಟಿಣ್. ಎರಡನೆಯ ಸಲ. ಕಾಳಿಯಮ್ಮ ತನ್ನ ಕಾಲ್ಬೆರಳುಗಳನ್ನೇ ನೋಡುತ್ತಾ ಕೂತಿದ್ದಳು.

“ಅಲ್ಲಿ ನಿಮಗೆ ಕ್ವಾರ್ಟರ್ಸೂ ಕೊಡ್ತಾರೆ, ಒಂದ್ಸಲ ಯೋಚನೆ ಮಾಡಿ... ಕಲೈವಾಣಿ? ಎಲ್ಲಿಗಮ್ಮಾ, ನಾನಿನ್ನೂ ಮಾತಾಡ್ತಾ...”

ಕಲೈವಾಣಿ ಆಗಲೇ ಬಾಗಿಲು ದಾಟಿ, ಕುರ್ಚಿಗಳ ಸಾಲುಗಳ ನಡುವೆ, ಕೈಯನ್ನು ಮುಂದೆ ಚಾಚಿಕೊಂಡು ಕಂಬದ ಕಡೆಗೆ ನಡೆಯುತ್ತಿದ್ದಳು.