ನಾನು ಬರೆದ ಮನೆ

ಐವತ್ತರ ದಶಕದಲ್ಲಿ ನಾನು ಒಂದು ವಾರಪತ್ರಿಕೆಯ ಮಹಿಳಾ ಪುಟಕ್ಕೆ ಅಡುಗೆ, ಹೊಲಿಗೆ, ಮನೆಯ ಒಪ್ಪ ಓರಣದ ಬಗ್ಗೆ ಬರೆಯುತ್ತಿದ್ದೆ. ನಾನಿದ್ದದ್ದು ಬಾಡಿಗೆಯ ಒಂದೇ ಕೋಣೆಯಲ್ಲಿ; ಹಾಗಾಗಿ ಬರೆದ ಮನೆಯೆಲ್ಲ ಬರೀ ಕಲ್ಪನೆ. ಒಮ್ಮೆ ರಾಜಾಜಿನಗರದ ಓದುಗ ಮಹಿಳೆಯೊಬ್ಬರು ಕಾಗದ ಬರೆದು ಮನೆಗೆ ಕರೆದರು. ಖಾಲಿ ಸೈಟುಗಳ ನಡುವೆ ಅವರ ಹೊಸ ಮನೆಯೊಂದೇ ನಿಂತಿತ್ತು.

ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತೆ. ಕಿಟಕಿಗೆ ನಾನು ಬರೆದ ನೀಲಿ ಪರದೆ, ಅದರ ಕೆಳಗೆ ನಾನು ಬರೆದ ಹಿತ್ತಾಳೆ ಚೊಂಬಿನಲ್ಲಿ ಸೇವಂತಿಗೆ. ಆಕೆಯ ರವಿಕೆಯ ತೋಳಿಗೂ ನಾನು ಹೇಳಿದ್ದಂತೆಯೇ ಅಂಚು. ಮೂಲೆಯಲ್ಲಿದ್ದ ತೊಟ್ಟಿಲನ್ನು ಆಕೆ ಮಾತನಾಡುತ್ತಲೇ ಮೆಲ್ಲಗೆ ತೂಗುತ್ತಿದ್ದರು. ಬಗ್ಗಿ ನೋಡಿದೆ. ಮಡಿಸಿಟ್ಟ ಪುಟ್ಟ ಹಾಸಿಗೆ ಬಿಟ್ಟರೆ ಏನೂ ಇರಲಿಲ್ಲ.

"ಮಗು ಎಲ್ಲಮ್ಮಾ?" ಎಂದೆ.

"ತೊಟ್ಟಿಲ ತನಕ ಬರ್ದಿದೀರಿ ಅಕ್ಕಾ. ಮಗೂನ ಇನ್ನೂ ಬರ್ದಿಲ್ವಲ್ಲ," ಎಂದರು ಆಕೆ. ಮುಖದಲ್ಲಿ ತಮಾಷೆ ಇರಲಿಲ್ಲ. "ಮುಂದಿನ ವಾರ ಬರೀತೀರಾ?"

ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಬಂದೆ. ಆ ವಾರ ಸಂಪಾದಕರು ಕೇಳಿದ್ದೂ ಶಿಶುಪಾಲನೆಯ ಲೇಖನವನ್ನೇ. ಒಂದು ಸಾಲೂ ಬರೆಯಲಾಗಲಿಲ್ಲ. ಮಾವಿನ ಉಪ್ಪಿನಕಾಯಿ ಹಾಕುವ ಬಗೆ ಬರೆದುಕೊಟ್ಟೆ. ಆಕೆಯಿಂದ ಮತ್ತೆ ಕಾಗದ ಬರಲಿಲ್ಲ. ಹೋಗಿ ವಿಚಾರಿಸುವ ಧೈರ್ಯ ನನಗೂ ಬರಲಿಲ್ಲ.